ಕರಿ ಅಂಚಿನ ಕಾರ್ಡು

ಹೋದ ತಿಂಗಳು ಹೊಳಲ್ಕೆರೆಯಿಂದ ದುರ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ನಡುವೆ ಎಲ್ಲೋ ಹತ್ತಿದ ಕುರಿ ಕಾಯುವವರೊಬ್ಬರು ನನ್ನ ಪಕ್ಕಕ್ಕೆ ಬಂದು ಕೂತರು. ಹೆಗಲ ಮೇಲಿನ ಕಂಬಳಿ ತುಂತುರಿಗೆ ನೆನೆದಿತ್ತು. ಒದ್ದೆ ಉಣ್ಣೆ, ಅದರೊಳಗಿಂದ ನೇಯುವಾಗ ಬಳಿದ ಹುಣಸೆ ಬೀಜದ ಗಂಜಿಯ ಕಮಟು... ಹಿಂದಿನ ಸೀಟಿನಾಕೆ ಮೂಗಿಗೆ ಸೆರಗು ಹಿಡಿದರು. ನನಗೆ ಅಸಹ್ಯವಾಗಲಿಲ್ಲ, ಭಯವಾಯಿತು. ಹಿರಿಯೂರಿನ ಕಂಬಳಿ ಮಾಮನ ಅಂಗಡಿಯ ವಾಸನೆ ಅದು.

ಆಗ ನಾನು ಹಿರಿಯೂರಿನ ಬಸ್ ಸ್ಟ್ಯಾಂಡ್ ಹಿಂದಿನ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಕಾರ್ಡುಗಳ ವಿನ್ಯಾಸ ಮಾಡುತ್ತಿದ್ದೆ. ಮದುವೆ, ಗೃಹಪ್ರವೇಶ, ತಿಥಿ, ಎಲ್ಲವೂ ನನ್ನ ಕೈಯಲ್ಲೇ ಹಾದು ಹೋಗುತ್ತಿದ್ದವು. ಗೋಡೆಯಾಚೆ ಕಂಬಳಿ ಅಂಗಡಿ. ಅದರ ಯಜಮಾನರಿಗೆ ಬೀದಿಯವರೆಲ್ಲ ಮಾಮ ಅನ್ನುತ್ತಿದ್ದೆವು, ರಕ್ತಸಂಬಂಧವೇನೂ ಇರಲಿಲ್ಲ. ಯಾರು ಬಂದರೂ ಮೊದಲು ಒಂದು ಕರಿ ಕಂಬಳಿ ಹಾಸಿ, "ಬರ್ರಿ, ಕುಂತ್ಕಳ್ರಿ, ತಗಳ್ದಿದ್ರೂ ಪರವಾಗಿಲ್ಲ" ಅನ್ನುವ ಮನುಷ್ಯ. ವ್ಯಾಪಾರಕ್ಕೆ ಇಷ್ಟು ಮೆದು ಮನಸ್ಸು ಒಳ್ಳೆಯದಲ್ಲ ಎಂದು ನಾನು ರೇಗಿಸುತ್ತಿದ್ದೆ.

ಅಂಗಡಿಯ ಕಂಬಳಿಗಳಲ್ಲಿ ಬಹುಪಾಲು ಧರ್ಮಪುರದ ಕಡೆಯಿಂದ, ಅವರ ಅಕ್ಕನ ಮಗ್ಗದಿಂದ ಬರುತ್ತಿದ್ದವು. ತಾಯಿ ಹೋದ ಮೇಲೆ ಮಾಮನನ್ನು ಎತ್ತಿ ಸಾಕಿದವರು ಆ ಅಕ್ಕ. ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುವ ಆಕೆ ಹಿರಿಯೂರಿಗೆ ಬರುತ್ತಲೇ ಇರಲಿಲ್ಲ. ಮಾಮನೇ ಹೋಗಿ ಕಂಬಳಿ ಹೊತ್ತು ತರುತ್ತಿದ್ದರು. "ಅಕ್ಕ ಇರಗಂಟ ನಮ್ಮವ್ವ ಸತ್ತಿಲ್ಲ ಕಣಮ್ಮ" ಎಂದು ಎಷ್ಟೋ ಸಲ ಹೇಳಿದ್ದರು.

ಮಿಲ್ಲಿನ ಬಣ್ಣಬಣ್ಣದ ರಗ್ಗುಗಳು ಬಂದು ಅಂಗಡಿ ಖಾಲಿ ಹೊಡೆಯತೊಡಗಿತ್ತು. ಚಳಿಗಾಲಕ್ಕೆ ಮುಂಚೆ ಹಳೇ ಗಿರಾಕಿಗಳಿಗೆಲ್ಲ ಅಂಚೆ ಕಾರ್ಡು ಕಳಿಸಬೇಕೆಂದು ಮಾಮ ಹಟ ಹಿಡಿದರು. ಫೋನಿನಲ್ಲೇ ಕಳಿಸಬಹುದಲ್ಲ ಅಂದೆ. "ಅವ್ರ ಫೋನ್ ನಂಬರ್ ಬದ್ಲಾಗ್ತಾ ಇರ್ತಾವೆ, ಹಟ್ಟಿ ಬದ್ಲಾಗಲ್ಲ" ಅಂದರು. ಕಾರ್ಡಿನ ಮೂಲೆಗೆ ಒಂದು ಎಳೆ ಉಣ್ಣೆ ಹೊಲಿದು ಕಳಿಸಬೇಕು, ಮುಟ್ಟಿದವರಿಗೆ ನಮ್ಮ ಕಂಬಳಿ ನೆನಪಾಗಬೇಕು ಎಂಬುದು ಅವರ ಆಸೆ.

ಇಬ್ಬರೂ ಅಂಚೆ ಕಚೇರಿಗೆ ಹೋಗಿ ವಿಚಾರಿಸಿದೆವು. ಕೌಂಟರಿನವರು ತಾಳ್ಮೆಯಿಂದ ನಿಯಮ ಹೇಳಿದರು. ಅಳತೆ ಸರ್ಕಾರಿ ಕಾರ್ಡಿನಷ್ಟೇ ಇರಬೇಕು, ಕಾಗದ ಅದಕ್ಕಿಂತ ತೆಳುವಾಗಬಾರದು, ಮಡಚುವ ಹಾಗಿಲ್ಲ. ವಿಳಾಸದ ಬದಿಯ ಬಲ ಅರ್ಧವನ್ನು ವಿಳಾಸಕ್ಕೂ ಸ್ಟಾಂಪಿಗೂ ಮುದ್ರೆಗೂ ಬಿಡಬೇಕು. ಅಚ್ಚು ಹಾಕಿದ ಕಾರ್ಡಿಗೆ ಸ್ಟಾಂಪಿನ ದರವೇ ಬೇರೆ. ಹೊಲಿಯುವುದು, ಅಂಟಿಸುವುದು ಏನೂ ನಡೆಯುವುದಿಲ್ಲ. ಉಣ್ಣೆ ಅಂದಾಗ ಅವರು ನಕ್ಕು, "ಅದೆಲ್ಲ ಆಗಲ್ರಿ, ಸೀಲ್ ಹೊಡಿಯೋವಾಗ ಸಿಕ್ಕಂತೈತೆ" ಅಂದರು. ಮಾಮನ ಮುಖ ಸಪ್ಪಗಾಯಿತು.

ವಾಪಸ್ ಬಂದವರು ಪ್ರೆಸ್ಸಿನ ಬಾಗಿಲಲ್ಲಿ ನಿಂತು, ಉಣ್ಣೆ ಹೋಗದಿದ್ದರೆ ಅದರ ಬಣ್ಣವಾದರೂ ಹೋಗಲಿ ಅಂದರು. ಸುತ್ತ ದಪ್ಪ ಕರಿ ಅಂಚು, ನಡುವೆ ಕಂಬಳಿ ಹೊದ್ದ ಅವರದೇ ಫೋಟೋ. ಕೆಳಗೆ ಅವರೇ ಹೇಳಿ ಬರೆಸಿದ ಸಾಲು: "ಚಳಿ ಬಂತು, ನನ್ನನ್ನು ಮರೆಯಬೇಡಿ." ಅಳತೆ ಹಿಡಿದು, ವಿಳಾಸದ ಜಾಗ ಬಿಟ್ಟು, ಒಂದು ಎಳೆಯೂ ಆಚೀಚೆ ಆಗದಂತೆ ಮಾಡಿಕೊಟ್ಟೆ. ನಿಯಮದ ಪ್ರಕಾರ ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಪ್ರಿಂಟರಿನಿಂದ ಹೊರಬಂದ ಮೊದಲ ಪ್ರತಿಯನ್ನು ನೋಡಿದವಳೇ ಮೇಜಿನ ಮೇಲೆ ಬೋರಲು ಹಾಕಿದೆ.

ಸಂಜೆ ಅದನ್ನು ಮನೆಗೆ ಒಯ್ದೆ. ಅಮ್ಮ ಹೊಸ್ತಿಲಲ್ಲೇ ತಡೆದರು. ನಮ್ಮ ಕಡೆ ಕರಿ ಅಂಚಿನ ಸಾವಿನ ಕಾರ್ಡನ್ನು ಒಳಗೆ ತರುವುದಿಲ್ಲ, ಹೊರಗೇ ಓದಿ ಹರಿದು ಹಾಕುತ್ತಾರೆ. "ಅದನ್ನ ಅಲ್ಲೇ ಬಿಸಾಕು. ಕೈಕಾಲು ತೊಳ್ಕಂಡು ಒಳಗೆ ಬಾ" ಅಂದರು. ಇದು ಕಂಬಳಿ ಮಾಮನ ಜಾಹೀರಾತು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಮಾರನೇ ದಿನ ಬೆಳಗ್ಗೆಯೇ ಹೋಗಿ ಹೇಳಿದೆ. ಅಂಚು ತೆಗೆಯೋಣ ಮಾಮ, ಇದು ಸಾವಿನ ಕಾರ್ಡಿನ ಹಾಗೆ ಕಾಣುತ್ತೆ ಅಂದೆ. ಅವರಿಗೆ ನಗು ತಡೆಯಲಾಗಲಿಲ್ಲ. "ನಮ್ಮನ್ಯಾಗೆ ದೇವ್ರು ಕೂರೋದು ಕರಿ ಕಂಬಳಿ ಮ್ಯಾಲೆ. ಮದುವಿ ಆಗೋದೂ ಅದ್ರ ಮ್ಯಾಲೆ. ಕರಿದು ನಮಗೆಂಗೆ ಕೆಟ್ಟದಾಗ್ತೈತೆ?" ಅಂದರು. ಅವರ ನಂಬಿಕೆಯ ಮುಂದೆ ನನ್ನ ಅನುಮಾನ ಸಣ್ಣದಾಗಿ ಕಂಡಿತು. ಮೊದಲ ಕಾರ್ಡಿಗೆ ಅವರು ತಮ್ಮ ಕೈಯಾರೆ ಅಕ್ಕನ ವಿಳಾಸ ಬರೆದರು. ಆಕೆಗೆ ಓದು ಬರುವುದಿಲ್ಲ, ಫೋಟೋ ನೋಡಿ ಖುಷಿಪಡಲಿ ಎಂದು...

ಕಾರ್ಡು ತಲುಪಿದಾಗ ಅಕ್ಕ ಹೊಲಕ್ಕೆ ಹೋಗಿದ್ದರಂತೆ. ಪೋಸ್ಟ್‌ಮ್ಯಾನ್ ಪಕ್ಕದ ಮನೆಯಾಕೆಯ ಕೈಗೆ ಕೊಟ್ಟು ಹೋದರು. ಆಕೆಗೂ ಅಕ್ಷರ ಬಾರದು. ಕರಿ ಅಂಚು ನೋಡಿದಳು, ನಡುವೆ ಫೋಟೋ ನೋಡಿದಳು, ಕಾರ್ಡನ್ನು ಹೊರಗೆ ಸೂರಿಗೆ ಸಿಕ್ಕಿಸಿ ಬಾಯಿ ಬಡಿದುಕೊಳ್ಳುತ್ತಾ ಹೊಲಕ್ಕೆ ಓಡಿದಳು.

ಆ ಮಧ್ಯಾಹ್ನ ನಾನು ಮಾಮನ ಅಂಗಡಿಯಲ್ಲೇ ಇದ್ದೆ. ಬಸ್ ಸ್ಟ್ಯಾಂಡಿನ ಕಡೆಯಿಂದ ಅಳು ಕೇಳಿಸಿತು. ಬರಿಗಾಲಲ್ಲಿ, ಸೆರಗು ನೆಲದ ಮೇಲೆ ಎಳೆಯುತ್ತಾ ಒಬ್ಬ ಮುದುಕಿ ಬಂದರು. ಮಾಮ ಗಿರಾಕಿಗೆ ಕಂಬಳಿ ಬಿಚ್ಚಿ ತೋರಿಸುತ್ತಿದ್ದರು. ಆಕೆಯ ಅಳು ಅರ್ಧಕ್ಕೇ ನಿಂತಿತು. "ಲೇ, ಇದ್ದೀಯೇನೋ?" ಎಂದು ಕೇಳಿ, ಹತ್ತಿರ ಬಂದು ಎರಡೂ ಕೈಯಲ್ಲಿ ಅವರ ಮುಖ ತಡವಿದರು. ಮಾಮ ಏನೂ ತಿಳಿಯದೆ ಅಕ್ಕ, ಅಕ್ಕ ಅನ್ನುತ್ತಿದ್ದರು.

ವಿಷಯ ತಿಳಿದ ಮೇಲೆ ಬೀದಿಯೆಲ್ಲ ನಕ್ಕಿತು. ಕಾಗೆ ತಲೆಗೆ ಬಡಿದರೆ ದೋಷ ಹೋಗಲೆಂದು ಬೇಕೆಂದೇ ನೆಂಟರಿಗೆ ಸಾವಿನ ಸುದ್ದಿ ಕಳಿಸಿ ಅಳಿಸುತ್ತಾರಲ್ಲ, ಹಾಗೆಯೇ ಇದೂ, ಮಾಮನ ಗಂಡಾಂತರ ಕಳೆಯಿತು ಎಂದು ಎದುರು ಅಂಗಡಿಯವರು ಟೀ ತರಿಸಿದರು. ಮಾಮ ಕಣ್ಣೊರೆಸಿಕೊಂಡು ನಕ್ಕರು. ಅಕ್ಕ ಮಾತ್ರ ನಗಲಿಲ್ಲ, ಟೀ ಮುಟ್ಟಲಿಲ್ಲ. ಎದ್ದು ಹೊರಡುವಾಗ ತಮ್ಮನಿಗೆ ಒಂದು ಮಾತು ಹೇಳಿದರು.

"ದಾರಿ ತುಂಬ ನಿಂಗೋಸ್ಕರ ಅತ್ತು ಮುಗಿಸೀನಿ. ಇನ್ನೊಂದ್ಸಲ ಯಾರು ಬಂದು ಏನು ಹೇಳಿದ್ರೂ ನಾನು ಈ ದಾರಿ ತುಳಿಯಲ್ಲ. ನೀನೇ ಬಂದು ಕರೀಬೇಕು."

ಎಲ್ಲರೂ ಅದನ್ನು ಕೋಪದ ಮಾತೆಂದುಕೊಂಡರು. ನನಗೆ ಮಾತ್ರ ಆ ರಾತ್ರಿ ಅನ್ನ ಸೇರಲಿಲ್ಲ.

ಆ ಚಳಿಗಾಲ ವ್ಯಾಪಾರ ಚೆನ್ನಾಗಿಯೇ ಆಯಿತು. ಅಷ್ಟರೊಳಗೆ ಕಾರ್ಡು ತಲುಪಿದ್ದ ಐಮಂಗಲದ ಕಡೆಯ ಹಟ್ಟಿಗಳಿಂದ ಸಾವು ಕೇಳಲು ಬಂದವರು, ಮಾಮ ಬದುಕಿರುವುದನ್ನು ಕಂಡು ನಾಚಿಕೊಂಡು ಒಂದೊಂದು ಕಂಬಳಿ ಕೊಂಡು ಹೋದರು. ಬಂದವರ ಮುಂದೆಲ್ಲ ಮಾಮ ತಮ್ಮ ಸಾವಿನ ಕಥೆಯನ್ನು ತಾವೇ ಹೇಳಿ ನಗಿಸುತ್ತಿದ್ದರು. ಗೋಡೆಯಾಚೆ ಕೂತು ಕೇಳುವಾಗ ನನಗೆ, ಸಾಕು ಮಾಮ, ಆ ಮಾತು ಬಿಡಿ ಅನ್ನಬೇಕೆನಿಸುತ್ತಿತ್ತು.

ಬೇಸಿಗೆಯ ಒಂದು ದಿನ ಅವರು ಅಂಗಡಿಯಲ್ಲಿ ಊಟ ಮುಗಿಸಿ ಕಂಬಳಿ ಮೇಲೆ ಒರಗಿದರು. ಮತ್ತೆ ಏಳಲಿಲ್ಲ.

ಮಾಮನ ಮಗ ಧರ್ಮಪುರಕ್ಕೆ, ಅತ್ತೆಯ ಪಕ್ಕದ ಮನೆಗೆ ಫೋನ್ ಮಾಡಿದ. ಪಕ್ಕದ ಮನೆಯಾಕೆ ಈ ಸಲ ಅಂಜಂಜಿಕೊಂಡೇ ಹೋಗಿ ಹೇಳಿದಳು. ಅಕ್ಕ ಮಗ್ಗದಿಂದ ಏಳಲಿಲ್ಲವಂತೆ. ಇಲ್ಲಿಂದ ಕಾರು ಕಳಿಸಿದೆವು. "ಮತ್ತೆ ಕಾರ್ಡು ಹಾಕ್ಯಾನೇನು? ಅವ್ನೇ ಬಂದು ಕರೀಲಿ ಅಂತ ಹೇಳು, ಹೋಗಪ್ಪ" ಎಂದು ಆಕೆ ಡ್ರೈವರನ್ನು ಬಾಗಿಲಿಂದಲೇ ವಾಪಸ್ ಕಳಿಸಿದರು. ಇಲ್ಲಿ ನಾವೆಲ್ಲ ರಸ್ತೆ ನೋಡುತ್ತಾ ಕೂತಿದ್ದೆವು. ಕಾರು ಬಂತು, ಹಿಂದಿನ ಸೀಟು ಖಾಲಿ ಇತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಹಿರಿಯರು ಎದ್ದರು. ಆಮೇಲೆ ಮಗ ತಲೆ ಬೋಳಿಸಿಕೊಂಡು ಅತ್ತೆಯ ಮುಂದೆ ಹೋಗಿ ನಿಂತಾಗಲೂ ಆಕೆ ಅವನ ತಲೆಯನ್ನೇ ನೋಡುತ್ತಾ ಕೂತರೇ ಹೊರತು ಅಳಲಿಲ್ಲವಂತೆ.

ಬಸ್ಸಿನಲ್ಲಿ ಆ ವಾಸನೆ ಬಂದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಮುಂದಿನ ಭಾನುವಾರ ಧರ್ಮಪುರಕ್ಕೆ ಹೋದೆ. ಮಾಮನ ಅಕ್ಕ, ಆ ಅಜ್ಜಿ, ಜಗುಲಿಯಲ್ಲಿ ಶೇಂಗಾ ಬಿಡಿಸುತ್ತಿದ್ದರು. ಪ್ರೆಸ್ಸಿನವಳು ಎಂದು ಹೇಳಿಕೊಂಡೆ. ಬೈಯಬಹುದೆಂದು ಹೆದರಿದ್ದೆ, ಬೈಯಲಿಲ್ಲ.

"ಅವತ್ತು ನೀನು ಅಲ್ಲೇ ಇದ್ದೇನಮ್ಮ?"

"ಇದ್ದೆ ಅಜ್ಜಿ."

"ಮುಖ ನೋಡಿದ್ಯಾ?"

"ನೋಡಿದೆ. ಮಲಗಿದ ಹಂಗೇ ಇದ್ರು. ಕೆನ್ನೆ ಮೇಲೆ ಕಂಬಳಿ ನೇಯ್ಗೆ ಅಚ್ಚು ಮೂಡಿತ್ತು."

ಅಜ್ಜಿಯ ಕೈ ನಿಂತಿತು. "ಯಾವ ಕೆನ್ನೆ?"

"ಎಡಗೆನ್ನೆ, ಅಜ್ಜಿ."

ಅವರು ಮೆಲ್ಲಗೆ ತಮ್ಮ ಎಡಗೆನ್ನೆ ಮುಟ್ಟಿಕೊಂಡರು. ಆಮೇಲೆ ಸ್ವರ ತೆಗೆದು ಅಳತೊಡಗಿದರು. ನನಗೂ ತಡೆಯಲಾಗಲಿಲ್ಲ. ಅಕ್ಕಪಕ್ಕದವರು ಏನೋ ಆಯಿತೆಂದು ಓಡಿ ಬಂದರು. ಯಾಕಜ್ಜಿ, ಯಾರಿಗೇನಾಯ್ತು ಎಂದು ಕೇಳಿದರು.

"ನನ್ ತಮ್ಮ ಹೋಗ್ಬಿಟ್ಟ ಕಣ್ರೇ" ಅಂದರು ಅಜ್ಜಿ.