ಸ್ವಾಮಿಗಳ ಊಟಕ್ಕೆ ಮುಂಚೆ ನುಂಗಿದ ಮಾತ್ರೆ

ಮೊದಲು ಕುತ್ತಿಗೆಯ ಹಿಂದೆ ಬೆವರು ಬಂತು. ತಣ್ಣನೆಯ ಬೆವರು. ಒಲೆಯ ಮುಂದೆ ನಿಂತವಳಿಗೆ ಬೆವರದೆ ಇನ್ನೇನು ಎಂದುಕೊಂಡು ಸೆರಗಿನಲ್ಲಿ ಒರೆಸಿಕೊಂಡೆ. ಆಮೇಲೆ ಕೈ ನಡುಗಿತು. ತಟ್ಟುತ್ತಿದ್ದ ಒಬ್ಬಟ್ಟು ಅಂಚಿನಲ್ಲಿ ಹರಿಯಿತು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬೇಗ ಬೇಗ ಕಣವ್ವ, ಬುದ್ಧಿಯೋರು ಹಿನಕಲ್ ದಾಟವ್ರಂತೆ," ಎಂದರು. ಹಿನಕಲ್‌ನಿಂದ ಹೂಟಗಳ್ಳಿಯ ನಮ್ಮ ಮನೆಗೆ ಎಷ್ಟು ದೂರ? ಆದರೆ ಸ್ವಾಮಿಗಳು ಬೆಳಗಿನಿಂದಲೂ ಹಿನಕಲ್ ದಾಟುತ್ತಲೇ ಇದ್ದರು.

ಅಲ್ಲಿಯವರೆಗೆ ನೆನಪಿದೆ. ಮುಂದಿನದೆಲ್ಲ ಬೇರೆಯವರು ಹೇಳಿದ್ದು.

ಅವತ್ತು ನಾನು ನನ್ನ ಗಂಡನ ಕೈ ಮುರಿದೆ.

ನನಗೆ ಶುಗರ್ ಬಂದು ಎರಡು ವರ್ಷವಾಗಿತ್ತು. ಬೆಳಗಿನ ತಿಂಡಿಯ ಜೊತೆ ಒಂದು ಮಾತ್ರೆ ಎಂದು ಡಾಕ್ಟರ್ ಬರೆದಿದ್ದರು. ಮಾತ್ರೆ ನುಂಗುತ್ತಿದ್ದೆ, ತಿಂಡಿಯ ಮಾತು ಮರೆತಿದ್ದೆ. ನಾನು ಬ್ಲೌಸ್ ಹೊಲಿಯುವವಳು, ಅಳತೆ ತಪ್ಪಿದರೆ ನನಗೆ ಆಗದು. ನನ್ನ ಸೊಂಟದ ಅಳತೆಯೇ ತಪ್ಪಿದೆ ಎಂದು ಬೆಳಗಿನ ವಾಕಿಂಗ್ ಗುಂಪಿನವರು ಹೇಳಿದಾಗ ಕೆರಳಿದೆ. ಅನ್ನ ವಿಷ, ಮುದ್ದೆ ವಿಷ, ಬಾಳೆಹಣ್ಣು ವಿಷ ಎಂದು ಅವರೇ ವಿಡಿಯೋ ಕಳಿಸಿದರು. ಎಲ್ಲವನ್ನೂ ಬಿಟ್ಟೆ. ಕಾಫಿಗೆ ಬೆಣ್ಣೆ ಹಾಕಿಕೊಂಡು ಕುಡಿದೆ. ಮೈಸೂರಿನಲ್ಲಿ ಹುಟ್ಟಿದವಳು ಕಾಫಿಗೆ ಬೆಣ್ಣೆ ಹಾಕಿದಳು ಎಂದರೆ ತಲೆ ಎಷ್ಟು ಕೆಟ್ಟಿರಬೇಕು ನೋಡಿ. ತೂಕ ಇಳಿಯಿತು. ಹೆಮ್ಮೆ ಏರಿತು. ಇದನ್ನೆಲ್ಲ ಡಾಕ್ಟರಿಗೆ ಹೇಳಲಿಲ್ಲ, ಮಾತ್ರೆಯ ಪ್ರಮಾಣ ಮೊದಲಿನಷ್ಟೇ ಇತ್ತು.

ಅವತ್ತು ಸೋಮವಾರ. ಮಠದ ಸ್ವಾಮಿಗಳು ಪಾದಪೂಜೆಗೆ ಬರುವವರಿದ್ದರು. ನಮ್ಮ ಮನೆಯ ಕಟ್ಟಳೆ ಇದು: ಸ್ವಾಮಿಗಳ ಪ್ರಸಾದ ಆಗುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿಲ್ಲ. ಆಮೇಲೆ ಗಂಡಸರು. ಆಮೇಲೆ ಅತ್ತೆ. ಕೊನೆಗೆ ನಾನು. ಹಿಂದಿನ ರಾತ್ರಿ ಸೌತೆಕಾಯಿ, ಮಜ್ಜಿಗೆಯಲ್ಲಿ ಮುಗಿಸಿದ್ದೆ. ಬೆಳಗ್ಗೆ ಸ್ನಾನ ಮಾಡಿ ಮಾತ್ರೆಯನ್ನು ಮಾತ್ರ ನೀರಿನಲ್ಲಿ ನುಂಗಿದ್ದೆ. ಔಷಧಿ ಊಟವಲ್ಲವಲ್ಲ, ಕಟ್ಟಳೆ ಮುರಿಯುವುದಿಲ್ಲ ಎಂದು ಅತ್ತೆಯೂ ಒಪ್ಪಿದ್ದರು.

ಸ್ವಾಮಿಗಳು ಬಂದಾಗ ಮಧ್ಯಾಹ್ನ ತಿರುಗಿತ್ತು.

ಪೂಜೆ ಮುಗಿದು ಅವರು ಎಲೆಯ ಮುಂದೆ ಕೂತಿದ್ದರಂತೆ. ಅತ್ತೆ "ಪಾಯಸ ತಾ" ಎಂದರಂತೆ. ನಾನು ಪಾತ್ರೆಯನ್ನು ತಂದು ಅವರ ಎಲೆಯ ಮುಂದೆ ನೆಲಕ್ಕೆ ಬೋರಲು ಹಾಕಿದೆನಂತೆ. ಅತ್ತೆ ಓಡಿಬಂದು ತೋಳು ಹಿಡಿದರು. ನಾನು ತಳ್ಳಿದೆ. ಅವರ ಹಣೆ ದೇವರ ಮನೆಯ ಹೊಸ್ತಿಲಿಗೆ ಬಡಿದು ರಕ್ತ ಧಾರೆಯಾಗಿ ಇಳಿಯಿತು. ನನ್ನ ಗಂಡ ನಂಜುಂಡಸ್ವಾಮಿ ಫ್ಯಾಕ್ಟರಿಯಲ್ಲಿ ದೊಡ್ಡ ಮೆಷಿನ್ ನಡೆಸುವ ಮನುಷ್ಯ, ಮನೆಯಲ್ಲಿ ಜಿರಲೆಗೂ ಹೊಡೆಯುವವರಲ್ಲ. "ಮಂಗಳಾ, ಮಂಗಳಾ" ಎನ್ನುತ್ತ ಹತ್ತಿರ ಬಂದರು. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿದ್ದ ಮುದ್ದೆ ತಿರುವುವ ಕೋಲು ನನ್ನ ಕೈಗೆ ಸಿಕ್ಕಿತ್ತಂತೆ. ತಲೆಗೇ ಬೀಸಿದೆ. ಅವರು ಎಡಗೈ ಅಡ್ಡ ಹಿಡಿದರು. ಮೂಳೆ ಮುರಿದ ಸದ್ದು ಹೊರಗಿನ ಜಗಲಿಗೂ ಕೇಳಿಸಿತಂತೆ. ಬಿದ್ದವರ ಬೆನ್ನಿಗೆ ಮತ್ತೆ ಮತ್ತೆ ಬಾರಿಸಿದೆ. ಬಿಡಿಸಲು ಬಂದ ಪಕ್ಕದ ಮನೆಯ ಜಯಮ್ಮನ ಹೆಬ್ಬೆರಳನ್ನು ಕಚ್ಚಿ ಹಿಡಿದೆ.

ಬಾಯಲ್ಲಿ ಬಂದ ಮಾತುಗಳನ್ನು ಜಯಮ್ಮ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದ್ದಾಳೆ. "ತಿನ್ರೀ, ಎಲ್ಲಾರೂ ತಿಂದು ಸಾಯ್ರೀ! ನನ್ನನ್ನೇ ತಿಂದ್ಕೊಂಡು ಸಾಯ್ರೀ!"

"ಗಾಳಿ ಮೆಟ್ಕೊಂಡದೆ ಬುದ್ಧಿ, ವಿಭೂತಿ ಆಕಿ," ಎಂದು ಅತ್ತೆ ರಕ್ತ ಒರೆಸಿಕೊಳ್ಳುತ್ತ ಕೂಗಿದರಂತೆ. ಗಂಡನದೇ ಶಲ್ಯದಲ್ಲಿ ನನ್ನ ಕೈ ಕಟ್ಟಿದರು. ಸ್ವಾಮಿಗಳು ಹಣೆಗೆ ವಿಭೂತಿ ಹಚ್ಚುತ್ತಿದ್ದಂತೆಯೇ ನನ್ನ ಕಣ್ಣು ಮೇಲಕ್ಕೆ ಹೋಯಿತು. ಮೈ ಸೆಟೆದು ಒದ್ದಾಡತೊಡಗಿತು. ಆಗ ಅವರು, "ಇದು ಗಾಳಿಯಲ್ಲ, ಆಸ್ಪತ್ರೆಗೆ ನಡೀರಿ," ಎಂದು ತಮ್ಮ ಕಾರಿನಲ್ಲೇ ಮಲಗಿಸಿದರಂತೆ.

ಕ್ಯಾಷುಯಾಲ್ಟಿಯಲ್ಲಿ ಬೆರಳು ಚುಚ್ಚಿ ನೋಡಿದರೆ ಶುಗರ್ ಇಪ್ಪತ್ತೆಂಟು.

ಡೆಕ್ಸ್‌ಟ್ರೋಸ್ ಎಂಬ ಸಕ್ಕರೆ ನೀರನ್ನು ನರಕ್ಕೆ ಏರಿಸಿದ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟೆ. "ಒಬ್ಬಟ್ಟು ಸೀದೋಯ್ತಾ?" ಎಂದು ಕೇಳಿದೆ. ಎದುರಿಗೆ ಗಂಡ ನಿಂತಿದ್ದರು. ಎಡಗೈ ಬಾತು ಕುಂಬಳಕಾಯಾಗಿತ್ತು.

"ಕೈಗೇನಾಯ್ತು ರೀ?"

ಅವರು ಅತ್ತರು.

ಆಮೇಲೆ ಬಂದ ಡಾಕ್ಟರಮ್ಮ ನನ್ನನ್ನು ಬಯ್ಯಲಿಲ್ಲ, ಗಂಡನನ್ನು ಕೂರಿಸಿಕೊಂಡು ಹೇಳಿದರು. "ಶುಗರ್ ಇಷ್ಟು ಲೋ ಆದ್ರೆ ಬ್ರೈನ್ ಹಿಡಿತದಲ್ಲಿ ಇರಲ್ಲ ಸರ್. ಕೆಲವರು ಹೊಡೀತಾರೆ, ಬಡೀತಾರೆ. ಕುಡಿದಿದ್ದಾರೆ ಅಂತ ಜನ ಬಾಗಿಲು ಹಾಕ್ಕೊಂಡು ಕೂತ್ರೆ ಪ್ರಾಣಾನೇ ಹೋಗುತ್ತೆ." ಖಾಲಿ ಹೊಟ್ಟೆಗೆ ನುಂಗಿದ ಈ ಮಾತ್ರೆಯ ಪ್ರಭಾವ ಇನ್ನೂ ಉಳಿದಿರುತ್ತದೆ, ಶುಗರ್ ಮತ್ತೆ ಇಳಿಯಬಹುದು ಎಂದು ಅಡ್ಮಿಟ್ ಮಾಡಿಕೊಂಡರು. ಹೊಸ ಮಾತ್ರೆ ಬರೆದರು.

ಮರುದಿನ ಡಯಟಿಷಿಯನ್ ಬಂದಳು. ನನ್ನ ಮಗಳ ವಯಸ್ಸಿನ ಹುಡುಗಿ. ನಾನು ತಿಂದದ್ದನ್ನು, ತಿನ್ನದೆ ಬಿಟ್ಟದ್ದನ್ನು ಕೇಳಿಕೊಂಡಳು. ಬೆಣ್ಣೆ ಕಾಫಿಯ ಕಡೆ ಬಂದಾಗ ಪೆನ್ನು ಕೆಳಗಿಟ್ಟಳು.

"ಹೀಗೆ ಅನ್ನ, ಮುದ್ದೆ ಎಲ್ಲಾ ಬಿಟ್ರೆ ಹೋಗೋದು ಶುಗರ್ ಅಲ್ಲಮ್ಮ, ನೀವು."

"ಕಾರ್ಬೋಹೈಡ್ರೇಟ್ ಶತ್ರು ಅಂದ್ರಲ್ಲ ಎಲ್ಲಾರೂ?"

"ಯಾವುದು ಶತ್ರು? ಮೈದಾ, ಸಕ್ಕರೆ ಒಣಹುಲ್ಲಿನ ಥರ, ಭಗ್ ಅಂತ ಉರಿದು ಆರಿಹೋಗುತ್ತೆ. ಮುದ್ದೆ, ಕಾಳು ಬೆರಣಿ ಕೆಂಡದ ಥರ, ನಿಧಾನಕ್ಕೆ ಕಾವು ಕೊಡುತ್ತೆ. ತಟ್ಟೆ ಅರ್ಧ ತರಕಾರಿ ಇರ್ಲಿ. ಕಾಲು ಭಾಗ ಮುದ್ದೆನೋ ಅನ್ನನೋ. ಇನ್ನು ಕಾಲು ಭಾಗ ಪ್ರೋಟೀನ್."

"ನಮ್ಮಲ್ಲಿ ಮೊಟ್ಟೆ ಕೂಡ ಮುಟ್ಟಲ್ಲ ಕಣಮ್ಮ."

"ಹುರುಳಿ, ಅವರೆ, ಕಡಲೆ, ಮೊಸರು ಇವನ್ನೂ ಮುಟ್ಟಲ್ವಾ?"

ಬೆಣ್ಣೆ, ತುಪ್ಪ ನಾಲಿಗೆಗೆ ತಾಗುವಷ್ಟು ಸಾಕು, ಒಂದು ಹಿಡಿ ಕಡಲೆಕಾಯಿ ಒಳ್ಳೆಯ ಕೊಬ್ಬು, ಕರಿದ ಎಣ್ಣೆಯನ್ನೇ ಮತ್ತೆ ಕಾಯಿಸಬೇಡಿ ಎಂದಳು. ಅವಳು ಹೇಳಿದ್ದರಲ್ಲಿ ನನ್ನ ತಾಯಿ ಮಾಡದ ಅಡುಗೆ ಒಂದೂ ಇರಲಿಲ್ಲ. ಇಷ್ಟಕ್ಕೆ ನಾನು ಒಬ್ಬರ ಕೈ, ಒಬ್ಬರ ಹಣೆ, ಒಬ್ಬರ ಹೆಬ್ಬೆರಳು ತೆಗೆಯಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಆದರೆ ಮನೆಗೆ ಹೋಗುವುದೇ ಅನುಮಾನವಿತ್ತು. ಹಣೆಗೆ ಹೊಲಿಗೆ ಹಾಕಿಸಿಕೊಂಡ ಅತ್ತೆ, ಅವಳು ಈ ಹೊಸ್ತಿಲು ತುಳಿಯಕೂಡದು, ಕಡಕೊಳದ ಅವಳ ಅಣ್ಣನ ಮನೆಗೆ ಬಿಟ್ಟು ಬಾ ಎಂದು ಮಗನಿಗೆ ಹೇಳಿದ್ದರು. ಡಿಸ್ಚಾರ್ಜ್ ದಿನ ಗಂಡ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಬಂದು ಹಾಸಿಗೆಯ ತುದಿಯಲ್ಲಿ ಕೂತರು.

"ಒಂದ್ ಮಾತ್ ಕೇಳ್ತೀನಿ. ನಿಜ್ವಾಗ್ಲೂ ಗೊತ್ತಿಲ್ದೇನೇ ಹೊಡೆದ್ಬುಟ್ಯಾ?"

ಹೌದು ಎನ್ನುವುದು ಸುಲಭವಿತ್ತು. ಡಾಕ್ಟರೇ ಸಾಕ್ಷಿ ಇದ್ದರು. ಆದರೆ ಜಯಮ್ಮ ಒಪ್ಪಿಸಿದ ಆ ಮಾತುಗಳನ್ನು ಕೇಳಿದಾಗ ನನಗೆ ಅವು ಪರಕೀಯ ಅನಿಸಿರಲಿಲ್ಲ. ಎಷ್ಟೋ ಸಲ ಪಾತ್ರೆಯ ತಳ ಕೆರೆದು ಉಣ್ಣುವಾಗ ಒಳಗೊಳಗೇ ಆಡಿಕೊಂಡ ಮಾತುಗಳೇ ಅವು. ಕೈಯನ್ನು ಎತ್ತಿಸಿದ್ದು ಶುಗರ್ ಇರಬಹುದು. ಸಿಟ್ಟು ನನ್ನದು.

"ಹೊಡೆದದ್ದು ಗೊತ್ತಿಲ್ಲ ಕಣ್ರೀ. ಕೋಪ ಇದ್ದದ್ದು ಗೊತ್ತಿತ್ತು."

ಈಗ ಅಣ್ಣನಿಗೆ ಫೋನ್ ಮಾಡುತ್ತಾರೆ ಎಂದುಕೊಂಡೆ. ಅವರು ಎದ್ದು, ಒಂದೇ ಕೈಯಲ್ಲಿ ನನ್ನ ಬ್ಯಾಗ್ ಎತ್ತಿಕೊಂಡರು.

"ನಡಿ ಮನೆಗೆ. ಅವ್ವುಂಗೆ ನಾನ್ ಹೇಳ್ತೀನಿ."

ಏನು ಹೇಳಿದರೋ ನನಗೆ ತಿಳಿಯದು. ಅತ್ತೆ ನನ್ನೊಡನೆ ಮಾತು ಬಿಟ್ಟರು. ಆದರೆ ದಿನವೂ ಬೆಳಗ್ಗೆ ಮಾತ್ರೆಯ ಪಕ್ಕದಲ್ಲಿ ತಿಂಡಿಯ ತಟ್ಟೆ ಇರುತ್ತಿತ್ತು, ಇನ್ನೂ ಯಾರೂ ತಿನ್ನುವ ಮುಂಚೆ. ನಾನು ಕೂಡ ಸುಮ್ಮನೆ ತಿನ್ನುತ್ತಿದ್ದೆ. ನಾನು ಚಾಕು ಹಿಡಿದು ತರಕಾರಿ ಹೆಚ್ಚುವಾಗ ಗಂಡ ಇನ್ನೂ ಒಮ್ಮೆ ತಿರುಗಿ ನೋಡುತ್ತಾರೆ. ನೋಡಲಿ. ಬದುಕಿರುವುದಕ್ಕೆ ಅದು ದೊಡ್ಡ ಬೆಲೆಯಲ್ಲ.

ಕಳೆದ ವಾರ ಮುದ್ದೆ, ಹುರುಳಿಕಾಳಿನ ಸಾರು, ಬೀನ್ಸ್ ಪಲ್ಯ ಬಡಿಸಿಟ್ಟು ಅತ್ತೆ ಹೋಗದೆ ಅಲ್ಲೇ ನಿಂತರು. ಹಣೆಯ ಗಾಯ ಒಣಗಿ ಗೆರೆಯಾಗಿತ್ತು.

"ನನ್ನ ಕಂಡ್ರೆ ಅಷ್ಟೊಂದು ಕ್ವಾಪವಾ ನಿಂಗೆ?"

"ಹೂಂ ಅತ್ತೆ. ಇತ್ತು."

ಅವರು ಬಗ್ಗಿ ಇನ್ನೊಂದು ಸೌಟು ಕಾಳು ನನ್ನ ತಟ್ಟೆಗೆ ಹಾಕಿದರು.

"ಮೊದ್ಲು ಉಣ್ಣು. ಆಮ್ಯಾಕೆ ಬಯ್ಯುವಂತೆ."

ಉಂಡೆ. ಬಯ್ಯುವುದು ಇನ್ನೂ ಬಾಕಿ ಇದೆ.