ಅರಕೆರೆ ಬಿಟ್ಟುಹೋದ ಪಟ್ಟಿ

ಸುನಿತಾ ಅರಕೆರೆಯ ಸೊಸೆ. ಕಬ್ಬು ಬೆಳೆಗಾರರ ಸಂಘದಲ್ಲಿ ಕಂಪ್ಯೂಟರು ನೋಡಿಕೊಳ್ಳುತ್ತಾಳೆ. ಯಾರ ಕಬ್ಬನ್ನು ಯಾವತ್ತು ಕಡಿಯಬೇಕೆಂಬ ಸರದಿ ಪಟ್ಟಿಯನ್ನು ಮೊದಲು ಅಧ್ಯಕ್ಷ ಕೆಂಪಣ್ಣ ಕೈಯಲ್ಲೇ ಬರೆಯುತ್ತಿದ್ದರು. ಮೊಬೈಲು ನೋಡಿ ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರು ಭಾಷೆ ಕಲಿತ ಸುನಿತಾ, ಊರೂರಿನ ಫೈಲುಗಳನ್ನು ಓದಿ ಒಂದೇ ಪಟ್ಟಿ ಮಾಡುವ ಪ್ರೋಗ್ರಾಮು ಬರೆದಳು.

ಮೊದಲ ಪಟ್ಟಿ ಗೋಡೆಗೆ ಅಂಟಿತು. ಅದರಲ್ಲಿ ಎಲ್ಲ ಊರುಗಳೂ ಇದ್ದವು, ಅರಕೆರೆ ಮಾತ್ರ ಇರಲಿಲ್ಲ. ಸೊಸೆಯೇ ಊರನ್ನು ಮರೆತಳೆಂದ ಮೇಲೆ ಜನ ಸುಮ್ಮನಿರುತ್ತಾರೆಯೇ?

"ನನ್ನ ಕಬ್ಬು ಆಗ್ಲೇ ಹೂ ಬುಟ್ಟೈತೆ ಕಣವ್ವ. ಒಣಗಕ್ಕೆ ಬುಡ್ಲಾ?" ಎಂದರು ಅರಕೆರೆಯ ವಯಸ್ಸಾದ ರೈತ ಕರಿಯಯ್ಯ.

ಕೆಂಪಣ್ಣ ಅವಳಿಗೆ ಸೋಮವಾರದವರೆಗೆ ಗಡುವು ಕೊಟ್ಟರು. "ಇನ್ನೊಂದ್ಸಲ ಇಂಗಾದ್ರೆ ಕಂಪ್ಯೂಟರ್ ಸವಾಸ ಬ್ಯಾಡ, ನಾನೇ ಬರ್ಕೊತೀನಿ."

ಅರಕೆರೆಯ ಫೈಲೇ ಎಲ್ಲಕ್ಕಿಂತ ದೊಡ್ಡದು. ಅದನ್ನು ಓದಿ ಮುಗಿಸುವ ಮೊದಲೇ ಪ್ರೋಗ್ರಾಮು ಪಟ್ಟಿ ಅಚ್ಚು ಹಾಕಿಬಿಡುತ್ತಿತ್ತು. ಎರಡು ಸೆಕೆಂಡು ಕಾಯಲಿ ಎಂದು ಸುನಿತಾ ಬರೆದಳು. ಮೂರು ಸಲ ಸರಿಬಂತು, ನಾಲ್ಕನೇ ಸಲ ಮತ್ತೆ ಕೈಕೊಟ್ಟಿತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನಾಲೆ ನೀರಿನ ಸರದಿಯಲ್ಲಿ ಗಡಿಯಾರ ನೋಡಿ ಯಾರಾದರೂ ನೀರು ತಿರುಗಿಸುತ್ತಾರೆಯೇ? ಮೇಲಿನ ಗದ್ದೆಯವನು ಬಂದು "ನಂದಾಯ್ತು" ಎನ್ನಬೇಕು, ಆಮೇಲೆ ತಾನೆ ಗುದ್ದಲಿ ಹಾಕುವುದು.

ಜಾವಾಸ್ಕ್ರಿಪ್ಟಿನಲ್ಲಿ ಪ್ರಾಮಿಸ್, ಅಂದರೆ ಮಾತು ಕೊಡುವ ಏರ್ಪಾಡು, ಅವಳಿಗೆ ಆಗ ಅರ್ಥವಾಯಿತು. ಫೈಲು ಓದು ಎಂದೊಡನೆ ಅದರ ಪರವಾಗಿ ಒಂದು ಪ್ರಾಮಿಸ್ ಕೈಗೆ ಬರುತ್ತದೆ. ಓದಿ ಮುಗಿದರೆ ಅದು ಹೆಸರುಗಳನ್ನು ತಂದು ಕೊಡುತ್ತದೆ, ಆಗದಿದ್ದರೆ ಆಗಲಿಲ್ಲವೆಂದು ತಿಳಿಸುತ್ತದೆ. ಎಲ್ಲ ಊರಿನ ಪ್ರಾಮಿಸ್‌ಗಳೂ ಈಡೇರಿದ ಮೇಲೆಯೇ ಅಚ್ಚು, ಒಂದು ತಪ್ಪಿದರೂ ಯಾವ ಊರೆಂದು ಹೇಳಿ ನಿಲ್ಲು ಎಂದು ತಿದ್ದಿ ಬರೆದಳು.

ಸೋಮವಾರ ಕೆಂಪಣ್ಣ, ಕರಿಯಯ್ಯ ಇಬ್ಬರೂ ಬಂದು ಕೂತರು. ಸುನಿತಾ ಗುಂಡಿ ಒತ್ತಿದಳು. ಪಟ್ಟಿ ಬರಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ಪಾಂಡವಪುರದ ಫೈಲು ಸಿಗಲಿಲ್ಲ.

"ಅಲ್ಲಿನ ಲೆಕ್ಕ ನೋಡ್ಕೊಳ್ಳೋ ಲೋಕೇಶ್ ಇನ್ನೂ ಫೈಲು ಕಳ್ಸೇ ಇಲ್ಲ. ನಮ್ಮೂರಿಂದು ಬಂದೈತೆ ಕರಿಯಯ್ಯ, ಅವ್ರುನ್ನ ಬುಟ್ಟು ಪಟ್ಟಿ ತೆಗುದ್ಬುಡ್ಲಾ?" ಎಂದು ಹೆದರುತ್ತಲೇ ಕೇಳಿದಳು.

ಕರಿಯಯ್ಯ ಅಡ್ಡಡ್ಡ ತಲೆಯಾಡಿಸಿದರು. "ಬ್ಯಾಡ ಬುಡವ್ವ. ಬುಟ್ಟೋದ್ರೆ ಎಂಗಾಯ್ತದೆ ಅಂತ ನಂಗೊತ್ತು. ಅವ್ರುದ್ದೂ ಬರ್ಲಿ, ಕಾಯ್ತೀನಿ."

ಸುನಿತಾ ಲೋಕೇಶನಿಗೆ ಫೋನು ಮಾಡಿದಳು. ಅರ್ಧ ಗಂಟೆಗೆ ಫೈಲು ಬಂತು, ಒಂದು ಹೆಸರೂ ಬಿಡದೆ ಪಟ್ಟಿಯೂ ಬಂತು. ಕೆಂಪಣ್ಣ ಅದರ ಮೇಲೆ ಬೆರಳಾಡಿಸಿ ಕೊನೆಯ ಹೆಸರಿನವರೆಗೂ ಓದಿದರು.

"ಮುಂದಿನ್ ತಿಂಗಳ್ದೂ ನೀನೇ ತೆಗಿ ಕಣವ್ವ," ಎಂದರು.