ಅತ್ತೆ ಬಲಗೈ ಕೊಡದ ದಿನ

ಅತ್ತೆಯವರಿಗೆ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣನ್ನು ನಾನು ದಿನಾ ತೊಳೆದು ಬಟ್ಟೆ ಕಟ್ಟುತ್ತಿದ್ದೆ. ಒಂದು ಬೆಳಿಗ್ಗೆ ಬಿಚ್ಚಿ ನೋಡಿದರೆ ಕಿರುಬೆರಳು ಕಪ್ಪಾಗಿತ್ತು, ವಾಸನೆಯೂ ಇತ್ತು. ಸಿದ್ದಾಪುರದಿಂದ ಮೊದಲ ಬಸ್ಸಿಗೆ ಶಿರಸಿಯ ಆಸ್ಪತ್ರೆಗೆ ಕರೆತಂದೆ. ಇವತ್ತೇ ಬೆರಳು ತೆಗೆಯಬೇಕು, ತಡವಾದರೆ ಕಾಲು, ಇನ್ನೂ ತಡವಾದರೆ ಜೀವ ಎಂದರು ಡಾಕ್ಟರು.

ಸರ್ಕಾರಿ ಕಾರ್ಡಿನಲ್ಲಿ ಆಪರೇಷನ್ ಆಗಲು ಹೆಬ್ಬೆಟ್ಟು ಒತ್ತಬೇಕಿತ್ತು. ಯಂತ್ರ ಕಂಡದ್ದೇ ಅತ್ತೆ ಬಲಗೈಯನ್ನು ಸೆರಗಿನೊಳಗೆ ಬಚ್ಚಿಟ್ಟರು.

ನನಗೆ ಕಾರಣ ಗೊತ್ತಿತ್ತು. ಕಡೇ ದಿನಗಳಲ್ಲಿ ಮೃಗವು ಎಲ್ಲರ ಬಲಗೈಗೋ ಹಣೆಗೋ ಗುರುತು ಹಾಕಿಸುತ್ತದೆ, ಹಾಕಿಸಿಕೊಂಡವರು ದೇವರಿಗೆ ದೂರ ಎಂದು ಬೈಬಲ್ಲಿನ ಕೊನೆಯಲ್ಲಿದೆ. ಆ ಗುರುತು ಈ ಹೆಬ್ಬೆಟ್ಟಿನ ಯಂತ್ರವೇ ಎಂದು ಅತ್ತೆ ನಂಬಿದ್ದರು. ರೇಷನ್ ಅಂಗಡಿಗೆ ಯಂತ್ರ ಬಂದಾಗಿನಿಂದ ಅಲ್ಲಿಗೆ ಹೋಗಿ ಬಲಗೈ ಹೆಬ್ಬೆಟ್ಟು ಒತ್ತುತ್ತಿದ್ದವಳು ನಾನೇ.

“ಅತ್ತಿ, ಅದು ಬರೇ ಹೋಲಿಕೀರಿ. ಮನಸ್ಸು ಯಾರಿಗೆ ಕೊಡ್ತೀವಿ ಅನ್ನೂದರ ಮಾತು. ಪಾಸ್ಟರೂ ಹಂಗ ಅಂದಾರ.”

“ಹಂಗಾದ್ರ ಸತ್ತವರು ಏಳ್ತಾರ ಅನ್ನೂದೂ ಹೋಲಿಕೀನ ಏನು? ನನ್ನ ಮಗ ಏಳಂಗಿಲ್ಲೇನ?”

ಅವರ ಮಗನೆಂದರೆ ನನ್ನ ಗಂಡ. ಮಣ್ಣು ಮಾಡಿ ನಾಲ್ಕು ವರ್ಷ. ಕಡೇ ದಿನ ಅವರು ಎದ್ದು ಬರುತ್ತಾರೆ, ಅದೇ ಗಂಟಲು, ಅದೇ ನಡಿಗೆ ಎಂದು ನಾನು ಅಕ್ಷರಶಃ ನಂಬಿಕೊಂಡಿದ್ದೆ. ಒಂದನ್ನು ಹಾಗೆ, ಇನ್ನೊಂದನ್ನು ಹೀಗೆ ಓದು ಎಂದು ನನಗೆ ಹೇಳಿದವರು ಯಾರು? ಅತ್ತೆ ಹೇಳುವುದೇ ನಿಜವಾಗಿದ್ದರೆ, ಅವರನ್ನು ಹಾಳುಮಾಡಲು ನಾನೇ ಕರೆತಂದಂತಾಯಿತು. ಸುಳ್ಳಾಗಿದ್ದರೆ ಸುಮ್ಮನೆ ಕಾಲು ಹೋಗುತ್ತಿದೆ.

ಯಂತ್ರದ ಮುಂದೆ ಕೂತಿದ್ದ ಹುಡುಗಿ ನಕ್ಕಳು. “ಎಂತ ಹೆದ್ರಿಕೆ ಅಜ್ಜಿ? ಇದೇನು ಕಚ್ಚೂದಿಲ್ಲ.”

“ಎಡಗೈ ಆಗ್ತದೇನವ್ವಾ?” ಎಂದು ಕೇಳಿದೆ.

“ಹತ್ತು ಬೆರಳಲ್ಲಿ ಯಾವ್ದಾದ್ರೂ ಅಡ್ಡಿ ಇಲ್ಲ.”

ಅತ್ತೆ ಚೀಲದಿಂದ ಬೈಬಲ್ ತೆಗೆಸಿ ಕನ್ನಡಕ ಏರಿಸಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ನರ್ಸು ಎರಡು ಸಲ ಬಂದು ಇಣುಕಿ ಹೋದಳು.

“ಬಲಗೈ ಅಂತನ ಐತಿ,” ಎಂದು ಎಡಗೈ ಚಾಚಿದರು. ಹಸಿರು ದೀಪ ಹತ್ತಿತು. ಅವರನ್ನು ತಳ್ಳುಗಾಡಿಯಲ್ಲಿ ಒಳಗೆ ಒಯ್ದರು.

“ಸಂಗಡ ಬಂದವರದ್ದೂ ಬೇಕು, ಅಕ್ಕ,” ಎಂದಳು ಹುಡುಗಿ.

ನಾನು ಎಡಗೈ ಚಾಚಿದೆ.

“ನಿಮ್ಗೂ ಎಡಗೈಯಾ?” ಎಂದು ಮತ್ತೆ ನಕ್ಕಳು. ಮೂರು ಸಲ ಒತ್ತಬೇಕಾಯಿತು.